ಸ್ಮಾರ್ಟ್ ಸ್ಟೇಟಸ್ 'ಪಾಸ್ಡ್' ಅಂದ್ರೆ ಡಿಸ್ಕ್ ಚೆನ್ನಾಗಿದೆ ಅಂತಲ್ಲ

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಕೊಳ್ಳೋ ವ್ಯವಸ್ಥೆಗೆ ಸ್ಮಾರ್ಟ್ (SMART) ಅಂತಾರೆ. ಅದರ ಟೆಸ್ಟ್‌ನಲ್ಲಿ ಪಾಸ್ಡ್ ಅಂತ ಬಂದ್ರೆ ಭಯ ಇಲ್ಲ, ಎರರ್ ಇದ್ರೆ ವಿಂಡೋಸ್‌ನ ರಿಪೇರಿ ಟೂಲ್ ಚೆಕ್‌ಡಿಸ್ಕ್ ಓಡಿಸಿದ್ರೆ ರಿಪೇರಿ ಆಗುತ್ತೆ ಅಂತ ಒಂದು ಮೆಸೇಜ್ ಓಡಾಡ್ತಿದೆ. ಎರಡೂ ತಪ್ಪು, ಎರಡನೇದಂತೂ ಅಪಾಯ.

ಆ ಪಾಸ್ಡ್ ಅನ್ನೋದು ಕಂಪನಿ ಇಟ್ಟಿರೋ ಮಿತಿ ಇನ್ನೂ ದಾಟಿಲ್ಲ ಅಂತ ಅಷ್ಟೇ, ಆ ಮಿತಿನೋ ಬಹಳ ಸಡಿಲ. ಅದಕ್ಕೇ ಸ್ಮಾರ್ಟ್ ಲೆಕ್ಕ ತೋರಿಸೋ ಟೂಲ್‌ಗಳಾದ ಸ್ಮಾರ್ಟ್‌ಸಿಟಿಎಲ್ ಅಥವಾ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 5, 197, 198 ನಂಬರಿನ ಸಾಲುಗಳ (ಕೆಟ್ಟ, ಓದೋಕಾಗದ ಸೆಕ್ಟರ್‌ಗಳ, ಅಂದ್ರೆ ಡೇಟಾ ಇರೋ ಪುಟ್ಟ ಜಾಗಗಳ ಲೆಕ್ಕ) ರಾ ವ್ಯಾಲ್ಯೂ, ಅಂದ್ರೆ ನೇರ ಎಣಿಕೆ, ನೋಡಿ, ಸೊನ್ನೆ ಇರ್ಬೇಕು, ದಿನದಿಂದ ದಿನಕ್ಕೆ ಏರ್ತಾ ಇದ್ರೆ ಡಿಸ್ಕ್ ಹೋಗ್ತಿದೆ ಅಂತಾನೇ ಲೆಕ್ಕ. 199 (ಡೇಟಾ ಸಾಗಿಸೋವಾಗ ಆದ ಎರರ್‌ಗಳ ಲೆಕ್ಕ) ಏರಿದ್ರೆ ಮಾತ್ರ ಮೊದ್ಲು ಕೇಬಲ್ ಬದಲಾಯಿಸಿ ನೋಡಿ, ಸುಮಾರು ಸಲ ತಪ್ಪು ಅದರದ್ದೇ.

ಹಾಗಂತ ಎಲ್ಲಾ ಸೊನ್ನೆ ಇದೆ ಅಂತ ನೆಮ್ಮದಿಯಾಗಿ ಮಲಗೋ ಹಾಗೂ ಇಲ್ಲ. ಗೂಗಲ್‌ನವರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡ್ರೈವ್ ಲೆಕ್ಕ ಹಾಕಿ ಬರೆದ ಪೇಪರ್‌ನಲ್ಲಿ, ಕೆಟ್ಟುಹೋದ ಡ್ರೈವ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ, 56%, ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರ್ಲಿಲ್ಲ.

ಇನ್ನು ಚೆಕ್‌ಡಿಸ್ಕ್. ಅದು ಸರಿ ಮಾಡೋದು ಫೈಲ್ ಸಿಸ್ಟಮ್ಮನ್ನ (ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕ), ಡಿಸ್ಕ್ ಓದೋ ಸವೆದ ಹೆಡ್ಡನ್ನಲ್ಲ. ಸಾಯ್ತಿರೋ ಡಿಸ್ಕ್ ಮೇಲೆ ಸ್ಲ್ಯಾಶ್ ಆರ್ (/r, ಕೆಟ್ಟ ಸೆಕ್ಟರ್ ಹುಡುಕೋ ಆಯ್ಕೆ) ಹಾಕಿ ಓಡಿಸಿದ್ರೆ ಗಂಟೆಗಟ್ಟಲೆ ಪ್ರತಿ ಸೆಕ್ಟರ್ ಓದ್ಸಿ ಓದ್ಸಿ ಉಳಿದ ಜೀವಾನೂ ತೆಗೆಯುತ್ತೆ (ಇಡೀ ಡಿಸ್ಕ್ ಓದೋ ಸ್ಮಾರ್ಟ್ ಲಾಂಗ್ ಟೆಸ್ಟ್‌ಗೂ ಇದೇ ಮಾತು). ಟಕ್ ಟಕ್ ಸದ್ದು ಬರ್ತಿದ್ರೆ ಯಾವ ಟೆಸ್ಟೂ ಬೇಡ, ಆಫ್ ಮಾಡಿ. ಸದ್ದಿಲ್ಲ, ಇನ್ನೂ ಓದುತ್ತೆ ಅಂದ್ರೆ ಮೊದ್ಲು ಡಿಡಿರೆಸ್ಕ್ಯೂ ತರದ ಕಾಪಿ ಟೂಲಲ್ಲಿ ಬೇರೆ ಡಿಸ್ಕ್‌ಗೆ ಇಮೇಜ್ (ಇಡೀ ಡಿಸ್ಕಿನ ಯಥಾವತ್ ಕಾಪಿ) ತಗೊಳ್ಳಿ, ರಿಪೇರಿ ಪ್ರಯೋಗ ಏನಿದ್ರೂ ಆ ಕಾಪಿ ಮೇಲೆ.