ಟೂರ್ ಹೋಗುವುದಾದರೆ ನೀರು ನೋಡಲು ಹೋಗಿ

ಭಾರತದಲ್ಲಿ ನೋಡಲೇಬೇಕಾದ ಜಾಗ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಆಂಧ್ರದ ಗಂಡಿಕೋಟ. ಶಿಮ್ಲಾ, ಮನಾಲಿ, ಊಟಿ ಎಲ್ಲ ಆಮೇಲೆ. ಕೇಳಿದವರು ನಮ್ಮ ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯವರಾದರೆ ಇನ್ನೂ ಒತ್ತಿ ಹೇಳುತ್ತೇನೆ. ಯಾಕೆಂದರೆ ಅಲ್ಲಿ ಬಂಡೆ ಸೀಳಿಕೊಂಡು ಹೋಗಿರುವುದು ನಮ್ಮದೇ ನದಿ.

ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ನದಿಗಳ ಹೆಸರನ್ನು ನಾವೆಲ್ಲ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರೇ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್. ಇಷ್ಟು ನದಿಗಳಿಗೆ ತವರಾದ ಈ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ನಾನು ಬೆಳೆಯುವಾಗ ಪಿನಾಕಿನಿ ಅಂದರೆ ಸೇತುವೆ ಕೆಳಗಿನ ಮರಳು ಮತ್ತು ಜಾಲಿ ಗಿಡ. ವಿದುರಾಶ್ವತ್ಥಕ್ಕೆ ಹೋದರೆ ನಾಗರಕಲ್ಲುಗಳಿಗೆ ಪೂಜೆ ಮಾಡಿಸಿ, 1938ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರ ಸ್ಮಾರಕಕ್ಕೆ ಕೈಮುಗಿದು, ಪಕ್ಕದ ಹೊಳೆಯಲ್ಲಿ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದೆವು. ಕುಡಿಯುವ ನೀರು ಬರುವುದು ಸಾವಿರ ಅಡಿಗೂ ಆಳದ ಬೋರ್‌ವೆಲ್‌ನಿಂದ, ಅದರಲ್ಲೂ ಫ್ಲೋರೈಡ್. ಇಂಥ ಕಡೆ ಹುಟ್ಟಿದವಳಿಗೆ ಪ್ರವಾಸ ಅಂದರೆ ನೀರು ನೋಡುವುದು. ಅದು ಬೆಟ್ಟ, ಬಯಲು, ಬಂಡೆಗಳನ್ನು ಹೇಗೆ ಮಾಡಿದೆ, ಅದರ ಜೊತೆ ಜನ ಹೇಗೆ ಬದುಕುತ್ತಾರೆ ಅಂತ ನೋಡುವುದು. ಈ ದೇಶದಲ್ಲಿ ನನಗೆ ಇಷ್ಟವಾದ ಜಾಗಗಳೆಲ್ಲ ಈ ಲೆಕ್ಕದಲ್ಲೇ ಇಷ್ಟವಾಗಿರುವುದು.

2021ರ ನವೆಂಬರ್ ನೆನಪಿರಬೇಕು ನಿಮಗೆ. ಕೆರೆಗಳೆಲ್ಲ ಒಂದರ ಹಿಂದೆ ಒಂದು ಕೋಡಿ ಬಿದ್ದವು, ಪಿನಾಕಿನಿ ದಡ ಮೀರಿ ಹರಿಯಿತು. ಊರಿಗೆ ಊರೇ ಹೊಳೆ ನೋಡಲು ಬಂದು ನಿಂತಿತ್ತು. ಹೆಂಗಸರು ಅರಿಶಿನ ಕುಂಕುಮ ಹಾಕಿ ಗಂಗಮ್ಮನಿಗೆ ಕಾಯಿ ಒಡೆದರು. ಅದೇ ವಾರ ಕೆಳಗೆ ಆಂಧ್ರದಲ್ಲಿ ನೆಲ್ಲೂರಿನ ಹತ್ತಿರ ಪೆನ್ನಾ ಪ್ರವಾಹದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ನಮ್ಮ ಪಿನಾಕಿನಿಯೇ ಅಲ್ಲಿ ಪೆನ್ನಾ. ಈ ಹೊಳೆ ಹೋಗಿ ಏನಾಗುತ್ತದೆ ನೋಡಬೇಕು ಅನ್ನುವುದು ಆವತ್ತು ತಲೆಗೆ ಹತ್ತಿತು.

ಗೌರಿಬಿದನೂರಿನಿಂದ ಹಿಂದೂಪುರ, ಅನಂತಪುರ, ತಾಡಿಪತ್ರಿ, ಜಮ್ಮಲಮಡುಗು, ಅಲ್ಲಿಂದ ಗಂಡಿಕೋಟ. ತಾಡಿಪತ್ರಿಯಲ್ಲಿ ಇಳಿಯದೆ ಮುಂದಕ್ಕೆ ಹೋಗಬೇಡಿ. ಪೆನ್ನಾ ದಡದಲ್ಲೇ ಬುಗ್ಗ ರಾಮಲಿಂಗೇಶ್ವರನ ಗುಡಿ ಇದೆ, ವಿಜಯನಗರ ಕಾಲದ್ದು. ಅದರ ಗೋಪುರದ ಕಲ್ಲಿನ ಕೆತ್ತನೆಯನ್ನು ನಾನು ಹಂಪಿಯ ಕೆಲಸಕ್ಕಿಂತ ಒಂದು ಕೈ ಮೇಲೆ ಇಡುತ್ತೇನೆ. ಒಪ್ಪದವರು ನೋಡಿ ಬಂದು ಮಾತಾಡಿ. ಅಲ್ಲಿಯವರ ಜೊತೆ ಮಾತಿಗೇನೂ ತೊಂದರೆಯಿಲ್ಲ, ನಮ್ಮ ಕಡೆ ಮನೆಮನೆಗೂ ತೆಲುಗು ಬರುತ್ತದೆ.

ಗಂಡಿಕೋಟದಲ್ಲಿ ಮೊದಲು ಕಾಣುವುದು ಕೋಟೆ ಬಾಗಿಲು. ಒಳಗೆ ಮಾಧವರಾಯ ಗುಡಿ, ಜಾಮಿಯಾ ಮಸೀದಿ, ದೊಡ್ಡ ಕಣಜ. ಇವನ್ನೆಲ್ಲ ದಾಟಿ ಬಂಡೆಗಳ ಮೇಲೆ ಕಾಲಿಟ್ಟುಕೊಂಡು ಮುಂದೆ ಹೋದರೆ ನೆಲ ತಟಕ್ಕನೆ ಮುಗಿದುಬಿಡುತ್ತದೆ. ಕೆಳಗೆ ಕಂದರ, ಅದರ ತಳದಲ್ಲಿ ತಿರುವು ತಗೊಂಡು ಮಲಗಿರುವ ಪೆನ್ನಾ. ಎರಡೂ ಕಡೆ ಕೆಂಪು ಬಂಡೆ ಪದರ ಪದರವಾಗಿ, ರೊಟ್ಟಿ ಜೋಡಿಸಿಟ್ಟ ಹಾಗೆ. ಎರ್ರಮಲ ಬೆಟ್ಟಸಾಲನ್ನು ಈ ನದಿ ಲಕ್ಷಾಂತರ ವರ್ಷ ಕೊರೆದೂ ಕೊರೆದೂ ದಾರಿ ಮಾಡಿಕೊಂಡಿದೆ. ನಮ್ಮೂರಲ್ಲಿ ಮಂಡಿಯುದ್ದ ನೀರು ಬಂದರೆ ಸಂಭ್ರಮ ಪಡುವ ಹೊಳೆಗೆ ಇಷ್ಟು ತಾಕತ್ತಿದೆ ಅಂತ ನೋಡಿ ನನಗೆ ಕಣ್ಣು ತುಂಬಿ ಬಂತು. ಸಂಜೆ ಹೊತ್ತು ಪಕ್ಕದಲ್ಲಿ ಕೂತಿದ್ದ ನಮ್ಮ ಚಿಕ್ಕಮ್ಮ "ನಮ್ ಹೊಳೆನಾ ಇದು? ನಮ್ದೇನಾ?" ಅಂತ ಕೇಳುತ್ತಲೇ ಇದ್ದರು. ಬೇಸಿಗೆಯಲ್ಲಿ ಹೋಗಬೇಡಿ, ಕಲ್ಲು ಕಾದು ನಿಲ್ಲಲಾಗುವುದಿಲ್ಲ. ಮಳೆ ಮುಗಿದ ಮೇಲೆ, ಅಕ್ಟೋಬರ್‌ನಿಂದ ಜನವರಿಯೊಳಗೆ ಹೋಗಿ. ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ, ಬಂಡೆಗಳು ಒಂದರ ಮೇಲೊಂದು ಸುಮ್ಮನೆ ಕೂತಿವೆ.

ಎರಡನೆಯದು ಲಡಾಖ್. ಅಲ್ಲಿಗೆ ಹೋಗುವವರೆಲ್ಲ ಪ್ಯಾಂಗಾಂಗ್ ಸರೋವರ ಅಂತ ಓಡುತ್ತಾರೆ. 4,200 ಮೀಟರಿಗೂ ಎತ್ತರದಲ್ಲಿ ಆ ನೀಲಿ ನೋಡಿದರೆ ಯಾರಿಗೂ ಮಾತು ಬರುವುದಿಲ್ಲ, ನಿಜ. ಆದರೆ ಆ ನೀರು ಉಪ್ಪು. ಕುಡಿಯಲೂ ಆಗದು, ಹೊಲಕ್ಕೂ ಆಗದು. ನನ್ನ ಮನಸ್ಸು ನಿಂತಿದ್ದು ಲೇಹ್‌ನಿಂದ ಸಿಂಧೂ ನದಿಯ ಗುಂಟ ಪಶ್ಚಿಮಕ್ಕೆ ಹೋದರೆ ಸಿಗುವ ಸಾಸ್ಪೋಲ್, ಆಲ್ಚಿ ಥರದ ಹಳ್ಳಿಗಳಲ್ಲಿ. ಆಲ್ಚಿಯ ಹಳೇ ಬೌದ್ಧ ಗುಡಿಯ ಗೋಡೆ ಚಿತ್ರಗಳನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ನಾನು ಮಾತ್ರ ಗುಡಿಗಿಂತ ಹೆಚ್ಚು ಹೊತ್ತು ಹೊಲಗಳ ಮಧ್ಯೆ ಕಳೆದೆ.

ಲೇಹ್ ಸುತ್ತಮುತ್ತ ವರ್ಷಕ್ಕೆ ಬೀಳುವ ಮಳೆ 100 ಮಿ.ಮೀ. ಆಸುಪಾಸು. ನಮ್ಮ ಕಡೆ ಸುಮಾರು 700. ಆದರೂ ಜುಲೈನಲ್ಲಿ ಅಲ್ಲಿ ಬಾರ್ಲಿ ಹಸಿರಾಗಿ ನಿಂತಿರುತ್ತದೆ, ಜರ್ದಾಲು ಮರಗಳಲ್ಲಿ ಹಣ್ಣು ತೂಗುತ್ತಿರುತ್ತದೆ. ಮೇಲೆ ಕರಗುವ ಹಿಮದ ನೀರನ್ನು ಬೆಟ್ಟದ ಮಗ್ಗುಲಲ್ಲಿ ಮೈಲಿಗಟ್ಟಲೆ ಕಾಲುವೆ ತೋಡಿ ಹಳ್ಳಿಗೆ ಇಳಿಸಿಕೊಳ್ಳುತ್ತಾರೆ. ಆ ಕಾಲುವೆಗೆ ಯುರಾ ಅನ್ನುತ್ತಾರೆ. ಹರಿದು ಬಂದ ನೀರು ನಿಲ್ಲಲು ಜಿಂಗ್ ಅನ್ನುವ ಕುಂಟೆಗಳಿವೆ. ಯಾರ ಹೊಲಕ್ಕೆ ಯಾವತ್ತು, ಎಷ್ಟು ಹೊತ್ತು ನೀರು ಅಂತ ತೀರ್ಮಾನ ಮಾಡಲು ಊರೇ ಸೇರಿ ಒಬ್ಬನನ್ನು ನೇಮಿಸುತ್ತದೆ. ಅವನು ಚುರ್ಪೋನ್. ನಾವು ಉಳಿದುಕೊಂಡಿದ್ದ ಮನೆಯ ಯಜಮಾನ ಇದನ್ನು ಹಿಂದಿಯಲ್ಲಿ ವಿವರಿಸುತ್ತಿದ್ದರೆ ನನಗೆ ಮೈ ಜುಂ ಅಂತು. ಇವನು ನಮ್ಮ ನೀರುಗಂಟಿಯೇ! ನಮ್ಮ ಕೆರೆಗಳಲ್ಲೂ ತೂಬು ಎತ್ತಿ ಇಳಿಸಿ, ಅಚ್ಚುಕಟ್ಟಿನ ಕೊನೇ ಗದ್ದೆಗೂ ನೀರು ಮುಟ್ಟಿಸುತ್ತಿದ್ದ ನೀರುಗಂಟಿ ಇದ್ದ. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲು ಧಾನ್ಯ ಹೋಗುತ್ತಿತ್ತು. ಬೋರ್‌ವೆಲ್ ಬಂದವು, ಕೆರೆಗೆ ನೀರು ಬರುವ ಕಾಲುವೆಗಳು ಮುಚ್ಚಿಹೋದವು, ನೀರುಗಂಟಿಯ ಕೆಲಸವೂ ಹೋಯಿತು. ಏಳುಪಟ್ಟು ಕಡಿಮೆ ಮಳೆ ಬೀಳುವ ಕಡೆ ಆ ಕೆಲಸ ಇನ್ನೂ ಬದುಕಿದೆ.

ಅಲ್ಲಿ ಒಬ್ಬ ಹೆಂಗಸು ಹೊಲಕ್ಕೆ ನೀರು ಕಟ್ಟುವುದನ್ನು ಬೇಲಿ ಪಕ್ಕ ನಿಂತು ನೋಡಿದೆ. ಒಂದು ಚಪ್ಪಟೆ ಕಲ್ಲು ತಂದು ಕಾಲುವೆ ಬಾಯಿಗೆ ಅಡ್ಡ ಇಟ್ಟಳು. ಹುಲ್ಲಿನ ಬೇರು ಸಮೇತ ಅಗೆದ ಮಣ್ಣಿನ ಹೆಂಟೆಯನ್ನು ಅದಕ್ಕೆ ಒತ್ತಿದಳು, ಸಂದಿಯಲ್ಲಿ ಸೋರುತ್ತಿದ್ದ ಕಡೆ ಹಳೇ ಬಟ್ಟೆ ತುರುಕಿ ಹಿಮ್ಮಡಿಯಿಂದ ತುಳಿದಳು. ಆಮೇಲೆ ಮುಂದಿನ ಪಾತಿಯ ಬಾಯನ್ನು ಸನಿಕೆಯಿಂದ ಎಳೆದು ಬಿಡಿಸಿದಳು. ನಮ್ಮ ಅಜ್ಜಿ ರಾಗಿ ಪೈರಿಗೆ ನೀರು ಕಟ್ಟುತ್ತಿದ್ದುದೂ ಹೀಗೇ, ಬಟ್ಟೆ ತುರುಕುವುದೂ ಸೇರಿದಂತೆ. ಲಡಾಖ್‌ಗೆ ಹೋಗುವವರು ಲೇಹ್‌ನಲ್ಲಿ ಮೊದಲ ಎರಡು ದಿನ ಸುಮ್ಮನೆ ಮಲಗಿ, 3,500 ಮೀಟರ್ ಎತ್ತರ ಆಟದ ಮಾತಲ್ಲ. ಆಮೇಲೆ ಪ್ಯಾಂಗಾಂಗ್‌ಗೆ ಒಂದು ದಿನ ಕೊಟ್ಟರೆ ಈ ಹಳ್ಳಿಗಳಿಗೆ ಮೂರು ದಿನ ಕೊಡಿ.

ಮೇಘಾಲಯದ ಬಗ್ಗೆ ಎಷ್ಟು ಬರೆದರೂ ಸಾಲದು. ಬಂಗಾಳ ಕೊಲ್ಲಿಯ ಮೋಡಗಳು ಬಾಂಗ್ಲಾದೇಶದ ಬಯಲನ್ನು ದಾಟಿ ಬಂದು ಖಾಸಿ ಬೆಟ್ಟದ ಗೋಡೆಗೆ ಬಡಿದು ಒಮ್ಮೆಲೇ ಮೇಲೇರುತ್ತವೆ. ಅದಕ್ಕೇ ಅಲ್ಲಿ ಆ ಮಳೆ. ಮೌಸಿನ್‌ರಾಮ್‌ನಲ್ಲಿ ವರ್ಷದ ಸರಾಸರಿ ಸುಮಾರು 11,800 ಮಿ.ಮೀ. ನಮಗೆ ಹದಿನಾರು ಹದಿನೇಳು ವರ್ಷದಲ್ಲಿ ಬೀಳುವುದು ಅವರಿಗೆ ಒಂದೇ ವರ್ಷದಲ್ಲಿ. ಎಲ್ಲರೂ ಚಳಿಗಾಲದಲ್ಲಿ ಹೋಗುತ್ತಾರೆ, ಡೌಕಿಯ ಉಮ್‌ಗೋಟ್ ನದಿಯಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿನೀರಿನ ಮೇಲೆ ದೋಣಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದೂ ಚೆನ್ನ. ಆದರೆ ನನ್ನ ಮಾತು ಕೇಳಿ, ಬಯಲುಸೀಮೆಯವರು ಒಂದು ಸಲವಾದರೂ ಜೂನ್ ಜುಲೈನಲ್ಲಿ ಸೊಹ್ರಾಕ್ಕೆ, ಅಂದರೆ ಚಿರಾಪುಂಜಿಗೆ ಹೋಗಬೇಕು. ಮಂಜು ಮುಸುಕಿ ನೊಹ್‌ಕಲಿಕೈ ಜಲಪಾತ ಗಂಟೆಗಟ್ಟಲೆ ಕಾಣದೇ ಇರಬಹುದು, ಬರೀ ಸದ್ದು ಕೇಳುತ್ತದೆ. ತೆರೆ ಸರಿದಾಗ 340 ಮೀಟರ್ ಎತ್ತರದಿಂದ ಒಂದೇ ಬೀಳು. ಹೆಂಗಸರು ಬಿದಿರು, ಎಲೆಗಳಿಂದ ಹೆಣೆದ ಕ್ನುಪ್ ಅನ್ನು ತಲೆಯಿಂದ ಬೆನ್ನಿನ ತನಕ ಹಾಕಿಕೊಂಡು ಎರಡೂ ಕೈಯಲ್ಲಿ ಕೆಲಸ ಮಾಡುತ್ತಿರುತ್ತಾರೆ, ಮಲೆನಾಡಿನ ಗೊರಬಿನ ಹಾಗೆ. ಮಣ್ಣು ಕುಸಿದು ರಸ್ತೆ ಕಟ್ಟಬಹುದು, ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಿ.

ಅಲ್ಲಿನ ಬೇರು ಸೇತುವೆಗಳಿಗಾಗಿ ಮೊಣಕಾಲು ಗಟ್ಟಿ ಇರುವಾಗಲೇ ಹೋಗಬೇಕು. ನೊಂಗ್ರಿಯಾಟ್‌ನ ಎರಡಂತಸ್ತಿನ ಸೇತುವೆಗೆ ಸಾವಿರಾರು ಮೆಟ್ಟಿಲು ಇಳಿಯಬೇಕು, ಅಷ್ಟನ್ನೂ ಮತ್ತೆ ಹತ್ತಬೇಕು. ರಬ್ಬರ್ ಅತ್ತಿ ಮರದ ಬೇರುಗಳನ್ನು ಟೊಳ್ಳು ಮಾಡಿದ ಅಡಿಕೆ ಕಾಂಡದೊಳಗೆ ಹಾಯಿಸಿ ಹೊಳೆಯ ಆಚೆ ದಡಕ್ಕೆ ಮುಟ್ಟಿಸುತ್ತಾರೆ. ಅದು ನೆಲ ಹಿಡಿದು, ದಪ್ಪವಾಗಿ, ಜನರ ಭಾರ ಹೊರಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ನೆಟ್ಟವನ ಮಕ್ಕಳು ಅದರ ಮೇಲೆ ನಡೆಯುತ್ತಾರೆ. ಆಮೇಲೆ ಅದು ನೂರಾರು ವರ್ಷ ಬಾಳುತ್ತದೆ, ಹಳೆಯದಾದಷ್ಟೂ ಗಟ್ಟಿ.

ಇಷ್ಟು ಮಳೆ ಬಿದ್ದೂ ಸೊಹ್ರಾದಲ್ಲಿ ಚಳಿಗಾಲಕ್ಕೆ ನೀರಿಗೆ ತತ್ವಾರ. ಸುಣ್ಣದಕಲ್ಲಿನ ನೆಲ, ಮೇಲ್ಮಣ್ಣು ತೆಳು, ಕಾಡೂ ಕಡಿಮೆಯಾಗಿದೆ. ಬಿದ್ದದ್ದೆಲ್ಲ ಬಾಂಗ್ಲಾದೇಶಕ್ಕೆ ಇಳಿದುಹೋಗುತ್ತದೆ. ನಮ್ಮ ಕಡೆ ಹಿರಿಯರು ಮಳೆ ಕಡಿಮೆ ಅಂತ ಗೊತ್ತಿದ್ದೇ ಒಂದರ ಕೋಡಿ ಇನ್ನೊಂದಕ್ಕೆ ಹೋಗುವ ಹಾಗೆ ಸಾಲುಸಾಲು ಕೆರೆ ಕಟ್ಟಿದರು. ಸೊಹ್ರಾದಲ್ಲಿ ಕೊಡ ಹಿಡಿದು ನಡೆಯುವವರ ಕಷ್ಟ ಕೇಳಿದ ಮೇಲೆ ನನಗೆ ನಮ್ಮ ಕೆರೆಗಳ ಮೇಲಿನ ಗೌರವ ಹತ್ತು ಪಟ್ಟಾಯಿತು.

ಅಸ್ಸಾಂನ ಮಾಜುಲಿ ಇನ್ನೊಂದು ಥರ. ಜೋರ್ಹಾಟ್ ಹತ್ತಿರದ ನಿಮಾತಿ ಘಾಟ್‌ನಿಂದ ಫೆರಿ. ಬೈಕು, ಕಾರು, ಜನ, ಮೂಟೆ ಎಲ್ಲ ಒಂದರಲ್ಲೇ. ಬ್ರಹ್ಮಪುತ್ರದ ಮಧ್ಯದ ಈ ದ್ವೀಪ 2016ರಲ್ಲಿ ಜಿಲ್ಲೆಯೇ ಆಯಿತು. ಮಿಸಿಂಗ್ ಜನರ ಮನೆಗಳು ಕಂಬಗಳ ಮೇಲೆ ನಿಂತಿವೆ, ಸತ್ರ ಅನ್ನುವ ವೈಷ್ಣವ ಮಠಗಳಲ್ಲಿ ನೂರಾರು ವರ್ಷದ ಹಾಡು ಕುಣಿತ ನಡೆದುಕೊಂಡು ಬಂದಿದೆ, ಸಾಮಗುರಿ ಸತ್ರದಲ್ಲಿ ಬಿದಿರು, ಬಟ್ಟೆ, ಮಣ್ಣು, ಸಗಣಿಯಿಂದ ಮುಖವಾಡ ಮಾಡುತ್ತಾರೆ. ನದಿ ಈ ದ್ವೀಪವನ್ನು ವರ್ಷವರ್ಷವೂ ತಿನ್ನುತ್ತಿದೆ, ನೂರು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ ಹೋಗಿದೆ. ನೀರಿಲ್ಲ ಅಂತ ಊರು ಬಿಡುವವರನ್ನು ನಾನು ಕಂಡಿದ್ದೆ. ನೀರು ಬಂದು ಊರನ್ನೇ ಒಯ್ದದ್ದರಿಂದ ಮನೆ ಕಿತ್ತು ಬೇರೆ ಕಡೆ ಕಟ್ಟಿದವರ ಮಾತು ಕೇಳಿದ್ದು ಅಲ್ಲೇ.

ಒಡಿಶಾದ ಚಿಲಿಕಾ ಸರೋವರಕ್ಕೆ ಚಳಿಗಾಲ ಸರಿ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ 1981ರಲ್ಲೇ ಸೇರಿದ್ದು. ಡಾಲ್ಫಿನ್ ಅಂತ ಸಾತಪಾಡಕ್ಕೆ ಎಲ್ಲರೂ ಹೋಗುತ್ತಾರೆ, ನೀವು ಮಂಗಳಜೋಡಿಗೆ ಹೋಗಿ. ಒಂದು ಕಾಲಕ್ಕೆ ಹಕ್ಕಿ ಹೊಡೆಯುತ್ತಿದ್ದ ಊರಿನವರೇ ಈಗ ಜೊಂಡಿನ ಮಧ್ಯೆ ದೋಣಿ ನಡೆಸಿ ಹಕ್ಕಿ ತೋರಿಸುತ್ತಾರೆ, ರೆಕ್ಕೆ ಬಡಿತ ಕೇಳಿಯೇ ಯಾವುದು ಅಂತ ಹೇಳುತ್ತಾರೆ.

ಒಂದು ಮಾತು ಸಿಟ್ಟಿನಲ್ಲೇ ಹೇಳಬೇಕು. ಐದು ದಿನಕ್ಕೆ ಹತ್ತು ಪಾಯಿಂಟ್ ಅಂತ ಮಾರುವ ಪ್ಯಾಕೇಜ್‌ಗಳಿಗೆ ದುಡ್ಡು ಕೊಡಬೇಡಿ. ಬಸ್ಸಿನಿಂದ ಇಳಿಸಿ ಇಪ್ಪತ್ತು ನಿಮಿಷ ಅಂತಾರೆ, ಅದರಲ್ಲಿ ಅರ್ಧ ಬಾತ್‌ರೂಮಿನ ಕ್ಯೂಗೆ ಹೋಗುತ್ತದೆ. ನಮ್ಮ ಸಂಬಂಧಿಕರೊಬ್ಬರು ಜೀವಮಾನದ ಉಳಿತಾಯದಲ್ಲಿ ಉತ್ತರಾಖಂಡಕ್ಕೆ ಹೋಗಿ, ಅಲಕನಂದಾ ಭಾಗೀರಥಿ ಸೇರಿ ಗಂಗೆಯಾಗುವ ದೇವಪ್ರಯಾಗವನ್ನು ಬಸ್ಸಿನ ಕಿಟಕಿಯಿಂದ ನೋಡಿ ಬಂದರು. "ಇಳಿಸ್ಲೇ ಇಲ್ಲಮ್ಮ" ಅಂತ ಅವರು ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಎರಡು ಬಣ್ಣದ ನೀರು ಒಂದಾಗುವುದನ್ನು ಮೆಟ್ಟಿಲ ಮೇಲೆ ಕೂತು ಒಂದು ಸಂಜೆ ನೋಡಬೇಕು, ಅದಕ್ಕೆ ತಾನೆ ಅಷ್ಟು ದೂರ ಹೋಗುವುದು? ಹತ್ತು ಜಾಗ ಬಿಡಿ, ಎರಡು ಜಾಗ ಸಾಕು.

ದೂರ ಹೋಗಲಾಗದವರಿಗೆ ಇಲ್ಲೇ ಇದೆ. ಕೋಲಾರದ ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ಬೀಳುವ ನೀರು, ದೇವರಾಯನದುರ್ಗದಲ್ಲಿ ಬಂಡೆಯಿಂದ ಒಸರುವ ನಾಮದ ಚಿಲುಮೆ. ಆ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಕೂಡ ಬಂದು ಸೇರುವುದು ಪಿನಾಕಿನಿಗೇ. ನಂದಿ ಬೆಟ್ಟಕ್ಕೆ ಭಾನುವಾರ ಬೆಳಗಿನ ಜಾವದ ಕಾರಿನ ಸಾಲಿನಲ್ಲಿ ಸಿಕ್ಕಿಕೊಳ್ಳಬೇಡಿ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಒಳ್ಳೇ ಮಳೆಯಾದ ಮಾರನೇ ದಿನ, ವಾರದ ಮಧ್ಯೆ ಹೋಗಿ, ಸುತ್ತಲಿನ ಕೆರೆಗಳನ್ನು ಮೇಲಿಂದ ನೋಡಿ. ಖಾಲಿ ಬಾಟಲಿ ದಯವಿಟ್ಟು ವಾಪಸ್ ತನ್ನಿ.

ಈ ಚಳಿಗಾಲಕ್ಕೆ ನಮ್ಮ ಮನೆಯವರೂ ನಾನೂ ಜಬಲ್ಪುರದ ಹತ್ತಿರದ ಭೇಡಾಘಾಟ್‌ಗೆ ಹೊರಟಿದ್ದೇವೆ. ನರ್ಮದೆ ಅಮೃತಶಿಲೆಯ ಬಂಡೆಗಳ ನಡುವೆ ಹರಿಯುವ ಜಾಗ, ಧುವಾಂಧಾರ್ ಜಲಪಾತವೂ ಅಲ್ಲೇ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಹಾಗಾಗಿ ಡಿಸೆಂಬರ್ ಅಂದುಕೊಂಡಿದ್ದೇವೆ. ನಮ್ಮ ಜಿಲ್ಲೆಯಿಂದ ಯಾರಾದರೂ ಹೋಗಿಬಂದಿದ್ದರೆ ಹೇಳಿ: ನೀರು ಆಗ ಸಾಕಷ್ಟು ಇರುತ್ತಾ, ಇಲ್ಲ ನವೆಂಬರ್‌ಗೇ ಟಿಕೆಟ್ ಮಾಡಿಸಲಾ?