ತಂಪಿಗೆ ಒಂದು ತುತ್ತು

ನಮ್ಮ ಮನೆ ನಾಯಿ ಬೆಳ್ಳಿ. ಹೆಸರಿಗೆ ತಕ್ಕ ಬಣ್ಣ. ಕಳೆದ ವರ್ಷ ಅದು ಹೊತ್ತುಗೊತ್ತಿಲ್ಲದೆ ಪಾದ ನೆಕ್ಕತೊಡಗಿತು. ನೆಕ್ಕಿದ ಕಡೆಯೆಲ್ಲ ಕೂದಲು ಕೆಂಚಾಯಿತು. ಯಾರೋ ಉಗಿದ ಎಲೆಅಡಿಕೆ ತುಳಿದಿರಬೇಕು ಅಂತ ಸುಮ್ಮನಾದೆವು. ಆಮೇಲೆ ಕಿವಿ ಕೆರೆತ ಶುರು. ರಾತ್ರಿ ಎರಡು ಗಂಟೆಗೆ ಮಂಚದ ಕೆಳಗೆ ದಬದಬ ಸದ್ದು. ಕಳ್ಳನೆಂದು ನಾನು ಪೊರಕೆ ಹಿಡಿದು ಎದ್ದದ್ದೂ ಉಂಟು.

ಅಮ್ಮ ದೃಷ್ಟಿ ತೆಗೆದಳು. ಮೆಣಸಿನಕಾಯಿ ಘಾಟಿಗೆ ನಾವೆಲ್ಲ ಕೆಮ್ಮಿದೆವು, ಬೆಳ್ಳಿ ಕೆರೆಯುತ್ತಲೇ ಇತ್ತು. ಪಕ್ಕದ ಮನೆ ಆಂಟಿ ಮಾತು ಕೇಳಿ ಬೇವು, ಅರಿಶಿನ ಅರೆದು ಮೈಗೆ ಹಚ್ಚಿದೆ. ಬೆಳ್ಳಿ ಚಿನ್ನವಾಯಿತು. ಸೋಫಾ ಕೂಡ.

ಅಪ್ಪನದು ಒಂದೇ ಮಾತು: "ಉಷ್ಣ ಕಣೋ. ಮೊಸರನ್ನ ಜಾಸ್ತಿ ಹಾಕು." ಸಂಜೆ ಮಾತ್ರ ಇದ್ದ ಮೊಸರನ್ನ ಬೆಳಗ್ಗೆಯೂ ಶುರುವಾಯಿತು.

ಕೊನೆಗೆ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ನೋಡಿದ್ದು ಬಾಲದ ಬುಡ. ಚಿಗಟದ ಎಂಜಲಿಗೆ ಅಲರ್ಜಿ ಇದ್ದರೆ ಒಂದೆರಡು ಕಡಿತವೇ ಸಾಕಂತೆ. ಚಿಗಟ ಸಿಗಲಿಲ್ಲ. ಪಾದದ ಕೆಂಚು ಬಣ್ಣ ಎಲೆಅಡಿಕೆಯದ್ದಲ್ಲ, ಬೆಳ್ಳಿಯದೇ ಎಂಜಲಿನದು. ಕಿವಿಗೆ ಡ್ರಾಪ್ಸ್ ಬರೆದುಕೊಟ್ಟರು. "ಊಟದ ಅಲರ್ಜಿ ಇರಬಹುದು. ಅದನ್ನ ರಕ್ತ ಪರೀಕ್ಷೆಯಿಂದ ನಂಬೋ ಹಾಗೆ ಹೇಳೋಕಾಗಲ್ಲ. 8 ವಾರ, ಇದುವರೆಗೂ ತಿನ್ನದೇ ಇರೋದನ್ನ ಮಾತ್ರ ಕೊಡಿ. ಬೇರೆ ಒಂದು ಚೂರೂ ಬೇಡ." ನನ್ನ ಅಲರ್ಜಿ ಮಾತ್ರೆಯನ್ನೇ ಅರ್ಧ ಕೊಡಲಾ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

ತಿನ್ನದೇ ಇರೋದು ಅಂದರೆ ಮೀನು. ನಮ್ಮದೋ ಈರುಳ್ಳಿಗೂ ಪಂಚಾಂಗ ನೋಡುವ ಮನೆ! ತಾರಸಿಯಲ್ಲಿ ಕರೆಂಟ್ ಒಲೆ ಇಟ್ಟು ಬಂಗುಡೆ, ಗೆಣಸು ಬೇಯಿಸಿದೆ. ಮುಳ್ಳು ಬಿಡಿಸಿ ಮುಗಿಸುವಷ್ಟರಲ್ಲಿ ಬೀದಿಯ ಬೆಕ್ಕುಗಳೆಲ್ಲ ಪಂಕ್ತಿ ಕೂತಿದ್ದವು.

ಐದನೇ ವಾರಕ್ಕೆ ಕೆರೆತ ನಿಂತಿತು. ಆರನೇ ವಾರ ಮತ್ತೆ ದಬದಬ. ಮನೆಯಲ್ಲಿ ವಿಚಾರಣೆ ನಡೆಯಿತು. ಅಮ್ಮ ದೇವರಾಣೆ ಇಟ್ಟಳು. ಅಪ್ಪ ಪೇಪರ್ ತಿರುಗಿಸುತ್ತಾ, "ಮೀನು ಉಷ್ಣ ಅಲ್ವಾ? ತಂಪಿಗೆ ಅಂತ ಒಂದೇ ತುತ್ತು..." ಎಂದರು.

ಮತ್ತೆ ಮೊದಲ ದಿನದಿಂದ ಲೆಕ್ಕ. ಅಪ್ಪನ ತಟ್ಟೆಗೂ ಕಾವಲು. 8 ವಾರ ದಾಟಿದ ಮೇಲೆ ಹಳೆಯ ಊಟವನ್ನು ಒಂದೊಂದಾಗಿ ಕೊಟ್ಟು ನೋಡಲು ಡಾಕ್ಟರು ಹೇಳಿದರು. ಬರೀ ಅನ್ನ ಹಾಕಿದೆವು, ಏನೂ ಆಗಲಿಲ್ಲ. ಚಪಾತಿ, ಏನೂ ಇಲ್ಲ. ಮೊಸರು ಹಾಕಿದ ಮೂರನೇ ದಿನ ಕಿವಿ ಕೆಂಪಗಾಯಿತು.

ಅಪ್ಪ ಮಾತ್ರ ಒಪ್ಪಲಿಲ್ಲ. "ಮೊಸರೇನು ಮಾಡುತ್ತೆ ಪಾಪ? ಹಾಲಿನವನು ಬದಲಾಗಿದ್ದಾನೆ, ಅದಕ್ಕೇ."