ಕಾಫಿ ಬೆಳೆಯುವ ದೇಶಗಳೆಲ್ಲ ಒಂದೇ ರೀತಿ ಏಳಿಗೆ ಕಾಣಲಿಲ್ಲ, ಏಕೆ?

ನಮ್ಮ ಚಿಕ್ಕಮಗಳೂರಿನಲ್ಲಿ ಕಾಫಿ ಧಾರಣೆಯ ಮಾತು ಬಂದಾಗಲೆಲ್ಲ ವಿಯೆಟ್ನಾಂ ಹೆಸರು ಬರುತ್ತದೆ. ಆದರೆ ಆ ಚರ್ಚೆ ಅಲ್ಲಿನ ಮಣ್ಣು, ನೀರು, ಎಕರೆವಾರು ಇಳುವರಿಗಳಲ್ಲೇ ಮುಗಿದುಹೋಗುತ್ತದೆ. ದೇಶದ ಏಳಿಗೆಯನ್ನು ಮಣ್ಣು ಮತ್ತು ಹವಾಮಾನಗಳೇ ತೀರ್ಮಾನಿಸುವುದಾಗಿದ್ದರೆ ಕಾಫಿಯ ತವರಾದ ಇಥಿಯೋಪಿಯಾ ಇಂದಿಗೂ ಬಡ ದೇಶಗಳ ಸಾಲಿನಲ್ಲಿ ಇರುತ್ತಿರಲಿಲ್ಲ. ಕಾಫಿಯನ್ನೇ ಬೆಳೆಯದ ಜರ್ಮನಿ ಹುರಿದ ಕಾಫಿಯನ್ನು ಹೊರದೇಶಗಳಿಗೆ ಮಾರಿ ಲಾಭ ಗಳಿಸುತ್ತಲೂ ಇರುತ್ತಿರಲಿಲ್ಲ. ದುಡಿಯುವವರಿಗೆ ಭೂಮಿಯ ಮೇಲೆ ಸ್ಪಷ್ಟ ಹಕ್ಕು ಇದೆಯೇ, ಬೆಳೆದದ್ದನ್ನು ಬೇಕಾದಲ್ಲಿ ಮಾರುವ ಸ್ವಾತಂತ್ರ್ಯವಿದೆಯೇ, ಅವರ ಮಕ್ಕಳಿಗೆ ನಿಜವಾಗಿ ವಿದ್ಯೆ ಹತ್ತುತ್ತಿದೆಯೇ ಎಂಬುದೇ ಮುಖ್ಯವೆಂದು ನಾನು ಬಲವಾಗಿ ನಂಬಿದ್ದೇನೆ.

1990ರಲ್ಲಿ ವಿಯೆಟ್ನಾಂನ ತಲಾ ಆದಾಯ ಭಾರತಕ್ಕಿಂತ ಕಡಿಮೆಯಿತ್ತು. 2023ರಲ್ಲಿ ಅದು 4,000 ಡಾಲರ್ ದಾಟಿತ್ತು; ನಮ್ಮದು 2,500 ಡಾಲರ್ ಆಸುಪಾಸಿನಲ್ಲಿತ್ತು. 1986ರಲ್ಲಿ ಆರಂಭವಾದ ‘ದೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆಗಳ ನಂತರ ಅಲ್ಲಿ ಸಾಮೂಹಿಕ ಬೇಸಾಯ ಸಡಿಲಗೊಂಡು ಜಮೀನು ಕುಟುಂಬಗಳ ಕೈಗೆ ಬಂತು. 1993ರ ಭೂ ಕಾನೂನಿನ ಪ್ರಕಾರ ಭೂಮಿಯ ಒಡೆತನ ಸರ್ಕಾರದ್ದೇ ಆಗಿ ಉಳಿದರೂ, ಬಳಕೆಯ ಹಕ್ಕನ್ನು ಮಕ್ಕಳಿಗೆ ಬಿಟ್ಟುಕೊಡಲು, ಪರಭಾರೆ ಮಾಡಲು, ಅಡವಿಟ್ಟು ಸಾಲ ಪಡೆಯಲು ರೈತನಿಗೆ ಅವಕಾಶವಾಯಿತು. ಜನ ‘ಕೆಂಪು ಪುಸ್ತಕ’ ಎಂದು ಕರೆಯುವ ಆ ಹಕ್ಕುಪತ್ರದ ಬಲ ಸಣ್ಣದಲ್ಲ. ಡಾಕ್ ಲಾಕ್ ಪ್ರಾಂತ್ಯದ ಸಣ್ಣ ಹಿಡುವಳಿದಾರರೇ ಆ ದೇಶವನ್ನು ಕಾಫಿ ಉತ್ಪಾದನೆಯಲ್ಲಿ ಬ್ರೆಜಿಲ್ ನಂತರದ ಎರಡನೆಯ ಸ್ಥಾನಕ್ಕೆ ಒಯ್ದವರಲ್ಲಿ ಪ್ರಮುಖರು. ಆಮೇಲೆ ಬಂದ ಮೊಬೈಲ್ ಕಾರ್ಖಾನೆಗಳದ್ದು ಬೇರೆಯೇ ಅಧ್ಯಾಯ.

ನಮ್ಮಲ್ಲಿ ಎಲ್ಲರ ಕಾಫಿಯನ್ನೂ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುವ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆಯನ್ನೆಲ್ಲ ಅಲ್ಲಿಗೇ ಒಪ್ಪಿಸಿ ಹಣದ ಕಂತುಗಳಿಗಾಗಿ ಕಾಯಬೇಕಿತ್ತು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಮಾರುಕಟ್ಟೆ ತೆರೆದರೂ ಜಮೀನಿನ ಕಾಗದಪತ್ರ ಮಾತ್ರ ಹಿಂದೆಯೇ ಉಳಿಯಿತು. ಮೂಡಿಗೆರೆ, ಕೊಪ್ಪದ ಕಡೆ ಮೂರು ಎಕರೆ ತೋಟವಿರುವವರನ್ನು ವಿಚಾರಿಸಿದರೆ, ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗಿಲ್ಲ, ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಆಗಿಲ್ಲ ಎಂಬ ಮಾತು ಮತ್ತೆ ಮತ್ತೆ ಕೇಳುತ್ತದೆ. ಜಮೀನಿನ ಖಾತೆ ತನ್ನ ಹೆಸರಿಗಿಲ್ಲದೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಸಾಲವಿಲ್ಲದೆ ಪಂಪು, ಸ್ಪ್ರಿಂಕ್ಲರ್ ಪೈಪು ಕೊಳ್ಳಲಾಗದವನ ರೋಬಸ್ಟಾ ಕಾಫಿ ಗಿಡಗಳು ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುತ್ತಾ ನಿಲ್ಲುತ್ತವೆ. ಆ ಮಳೆ ಕೈಕೊಟ್ಟರೆ ವರ್ಷದ ಫಸಲೇ ಕೈತಪ್ಪಿದಂತೆ. ಕಾಫಿ ಒಣಗಿಸಲು ಸಿಮೆಂಟ್ ಕಣವೂ ಇಲ್ಲದವನು ಕೊಯ್ಲಿಗೆ ಮುನ್ನವೇ ವ್ಯಾಪಾರಿಯಿಂದ ಮುಂಗಡ ಪಡೆದು, ಅವನು ಹೇಳಿದ ದರಕ್ಕೆ ಹಸಿ ಹಣ್ಣನ್ನೇ ಕೊಟ್ಟುಬಿಡುತ್ತಾನೆ. ದೇಶದ ಬೆಳವಣಿಗೆ ದರ ಕುಂಠಿತವಾಗುವುದು ಇಂಥ ಕಡೆಯಲ್ಲೇ.

ವಿಯೆಟ್ನಾಂ ಮಾಡಿದ್ದೆಲ್ಲ ಸರಿಯೆಂದು ನಾನು ಹೇಳುತ್ತಿಲ್ಲ. ಕಾಫಿಗಾಗಿ ಕಾಡು ಕಳೆದುಕೊಂಡು, ಅಂತರ್ಜಲವನ್ನು ಬತ್ತಿಸಿಕೊಂಡ ಅವರ ದಾರಿ ನಮ್ಮ ಮರದ ನೆರಳಿನ ತೋಟಗಳಿಗೆ ಬೇಡ.

ಆದರೆ ಅವರ ಶಾಲೆಗಳನ್ನು ನೋಡಿ ಕಲಿಯಬೇಕು. ಹದಿನೈದು ವರ್ಷದ ಮಕ್ಕಳಿಗಾಗಿ ಹಲವು ದೇಶಗಳಲ್ಲಿ ನಡೆಯುವ ಪಿಸಾ ಪರೀಕ್ಷೆಯಲ್ಲಿ, 2012ರಲ್ಲಿ, ವಿಯೆಟ್ನಾಂ ಮಕ್ಕಳು ಗಣಿತ, ವಿಜ್ಞಾನ ಎರಡರಲ್ಲೂ ಅಮೆರಿಕದ ಮಕ್ಕಳನ್ನು ಹಿಂದಿಕ್ಕಿದರು. ನಮ್ಮ ತೋಟಗಳಿಗೆ ಕೊಯ್ಲಿನ ಕಾಲದಲ್ಲಿ ಹೊರಗಿನಿಂದ ಬರುವ ಕುಟುಂಬಗಳ ಮಕ್ಕಳು ತಮ್ಮೂರಿನ ಶಾಲೆಯ ಹಾಜರಿಯಲ್ಲೂ ಇರುವುದಿಲ್ಲ, ಇಲ್ಲಿನ ಶಾಲೆಯಲ್ಲೂ ಇರುವುದಿಲ್ಲ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಜಗಲಿಯಲ್ಲಿ ತಂಗಿ, ತಮ್ಮಂದಿರನ್ನು ಆಡಿಸುತ್ತಾ ಕೂತಿರುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆ ಮಕ್ಕಳನ್ನು ಹತ್ತಿರದ ಸರ್ಕಾರಿ ಶಾಲೆಗೆ ತಾತ್ಕಾಲಿಕವಾಗಿ ಸೇರಿಸಿ, ಕರೆದೊಯ್ಯಲು ಒಂದು ಜೀಪು ಗೊತ್ತುಮಾಡುವುದು ಬೆಳೆಗಾರರಾದ ನಮ್ಮ ಕೈಯಲ್ಲೇ ಇದೆ. ಈ ಕೊಯ್ಲಿನಿಂದಲೇ ಅದನ್ನು ಆರಂಭಿಸೋಣ ಎಂದು ನಮ್ಮ ಬೆಳೆಗಾರರ ಸಂಘಗಳನ್ನು ಕೇಳಿಕೊಳ್ಳುತ್ತೇನೆ.